ಪಶುವೈದ್ಯರ ಕೈ ಪಳಗಬೇಕಾದರೆ: ಮಲೆನಾಡಿನಲ್ಲಿ ಇಂಟರ್ನ್‌ಶಿಪ್ ಮಾಡುವವರಿಗೂ ಅವರಿಗೆ ಕಲಿಸುವವರಿಗೂ

"ಪರೀಕ್ಷೆಯೆಲ್ಲ ಪಾಸಾಗಿದೆ, ಕೊಟ್ಟಿಗೆಯಲ್ಲಿ ಒಬ್ಬರೇ ನಿಂತರೆ ಮಾತ್ರ ಕೈ ಓಡುವುದಿಲ್ಲ, ಏನು ಮಾಡಲಿ?" ಅಂತಿಮ ವರ್ಷದವರೂ ಇಂಟರ್ನ್‌ಗಳೂ ಪದೇ ಪದೇ ಕೇಳುವ ಪ್ರಶ್ನೆ ಇದು. ತಾಲ್ಲೂಕು ಆಸ್ಪತ್ರೆಗಳ ಹಿರಿಯ ವೈದ್ಯರು ಇದನ್ನೇ ಇನ್ನೊಂದು ಕಡೆಯಿಂದ ಕೇಳುತ್ತಾರೆ: "ಹುಡುಗರು ಬರುತ್ತಾರೆ, ನಿಂತು ನೋಡುತ್ತಾರೆ, ಹೋಗುತ್ತಾರೆ. ಎಲ್ಲಿಂದ ಶುರು ಮಾಡಿಸಲಿ?" ಎರಡಕ್ಕೂ ಇಲ್ಲಿ ಒಟ್ಟಿಗೆ ಉತ್ತರವಿದೆ.

ಪಶುವೈದ್ಯರ ಬಿ.ವಿ.ಎಸ್ಸಿ. ಮತ್ತು ಎ.ಎಚ್. ಪದವಿ ಐದೂವರೆ ವರ್ಷದ್ದು. ಅದರಲ್ಲಿ ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಅದು ಮುಗಿದು ರಾಜ್ಯ ಪಶುವೈದ್ಯ ಪರಿಷತ್ತಿನಲ್ಲಿ ನೋಂದಣಿ ಆಯಿತೆಂದರೆ ಚೀಟಿಯ ಮೇಲಿನ ಸಹಿ ನಿಮ್ಮದೇ, ಹೊಣೆಯೂ ನಿಮ್ಮದೇ. ಈ ಒಂದು ವರ್ಷದಲ್ಲಿ ಎಷ್ಟು ದನ ನೋಡಿದಿರಿ ಎನ್ನುವುದಕ್ಕೆ ಹೆಚ್ಚು ಬೆಲೆ ಕೊಡಬೇಡಿ. ತಪ್ಪು ರೀತಿಯಲ್ಲಿ ನೂರು ಸಲ ಮಾಡಿದರೆ ಆ ತಪ್ಪೇ ಗಟ್ಟಿಯಾಗುತ್ತದೆ. ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ, ಅಲ್ಲೇ ತಿದ್ದುವ ಒಬ್ಬರು ಇದ್ದರೆ ಕೈ ಬೇಗ ಪಳಗುತ್ತದೆ. ಕೆಳಗಿನ ಹಂತಗಳೆಲ್ಲ ಆ ಒಬ್ಬರು ಇದ್ದಾರೆ ಎಂದುಕೊಂಡೇ ಬರೆದವು. ಇಲ್ಲದಿದ್ದರೆ ಮೊದಲ ವಾರದಲ್ಲೇ ಅಂಥವರನ್ನು ಹುಡುಕಿಕೊಳ್ಳಿ.

ಚೀಲದಲ್ಲಿ ಏನಿರಬೇಕು

ಥರ್ಮಾಮೀಟರ್ ಎರಡು (ಒಂದು ಒಡೆಯುತ್ತದೆ), ಸ್ಟೆತಾಸ್ಕೋಪ್, ದರ್ಜಿಗಳ ಅಳತೆ ಟೇಪು, ಸೆಕೆಂಡಿನ ಮುಳ್ಳಿರುವ ಗಡಿಯಾರ, ತಲೆಗೆ ಕಟ್ಟುವ ಟಾರ್ಚು, ಭುಜದವರೆಗಿನ ಕೈಗವಸು, 3 ಮೀಟರ್ ಹತ್ತಿಯ ಹಗ್ಗ, ಗಾಜಿನ ಸ್ಲೈಡು, ಗಟ್ಟಿ ಮುಚ್ಚಳದ ಸಣ್ಣ ಬಾಟಲಿಯಲ್ಲಿ ಮೆಥನಾಲ್, ಪೆನ್ಸಿಲ್, ಪ್ಲಾಸ್ಟಿಕ್ ಕವರಿನಲ್ಲಿ ನೋಟುಪುಸ್ತಕ. ಪೆನ್ನಿಗಿಂತ ಪೆನ್ಸಿಲ್ ಮೇಲು. ಆಗುಂಬೆ ಕಡೆಯ ಜುಲೈ ಮಳೆಯಲ್ಲಿ ಶಾಯಿಯ ಬರಹ ಉಳಿಯುವುದಿಲ್ಲ, ಸ್ಲೈಡಿನ ಮೇಲಿನ ಶಾಯಿ ಮೆಥನಾಲ್ ತಾಗಿದರೆ ಅಳಿಸಿಯೂ ಹೋಗುತ್ತದೆ. ಗಂಬೂಟು ಬೇಕೇ ಬೇಕು. ಉಂಬಳಕ್ಕೆ (ರಕ್ತ ಹೀರುವ ಜಿಗಣೆಗೆ) ಅದರಿಂದ ಪೂರ್ತಿ ತಡೆಯಾಗದು, ಅದು ಬೇರೆ ಮಾತು.

ಹಂತ 1: ಮೊದಲು ನಿಮ್ಮ ಮೈ ಕಾಪಾಡಿಕೊಳ್ಳಿ

ಇಂಟರ್ನ್‌ಶಿಪ್ ಶುರುವಾಗುವ ಮೊದಲೇ ರೇಬೀಸ್ ಮುಂಜಾಗ್ರತಾ ಲಸಿಕೆ ಮುಗಿಸಿ: 0, 7 ಮತ್ತು 21 ಅಥವಾ 28ನೇ ದಿನ. ಹೀಗೆ ತೆಗೆದುಕೊಂಡವರಿಗೆ ಮುಂದೆ ಕಚ್ಚಿದರೆ ಅಥವಾ ಗಾಯಕ್ಕೆ ಜೊಲ್ಲು ತಾಗಿದರೆ 0 ಮತ್ತು 3ನೇ ದಿನ ಎರಡೇ ಡೋಸ್ ಸಾಕು, ಇಮ್ಯೂನೋಗ್ಲಾಬ್ಯುಲಿನ್ ಬೇಕಿಲ್ಲ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯುವುದು ಮಾತ್ರ ಯಾರಿಗೂ ತಪ್ಪದು.

ಇಲ್ಲಿ ಎಡವುವುದು ಹೀಗೆ: "ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ, ಜೊಲ್ಲು ಸುರಿಸುತ್ತಿದೆ" ಎಂದು ಕರೆ ಬರುತ್ತದೆ, ಹೋದವರು ನೇರ ಬಾಯಿಗೆ ಕೈ ಹಾಕುತ್ತಾರೆ. ರೇಬೀಸ್ ಬಂದ ದನವೂ ಹೀಗೇ ಜೊಲ್ಲು ಸುರಿಸುತ್ತದೆ, ನುಂಗಲಾರದೆ ಒದ್ದಾಡುತ್ತದೆ, ಅರಚುತ್ತದೆ. ಕೈ ಹಾಕುವ ಮೊದಲು ಎರಡು ಪ್ರಶ್ನೆ ಕೇಳಿ: ಕೆಲವು ತಿಂಗಳಲ್ಲಿ ನಾಯಿ ಕಚ್ಚಿದ್ದಿದೆಯೇ, ಕೂಗಿನ ದನಿ ಬದಲಾಗಿದೆಯೇ. ಉತ್ತರ ಏನೇ ಬರಲಿ, ಕೈಗವಸು ಇರಲಿ.

ಎರಡನೆಯದು ಕಂದು ರೋಗ, ಅಂದರೆ ಬ್ರೂಸೆಲ್ಲೋಸಿಸ್. ಕಂದು ಹಾಕಿದ (ಗರ್ಭ ಹೋದ) ಹಸು, ಮಾಸು ಬೀಳದ ಹಸು, ಸತ್ತು ಹುಟ್ಟಿದ ಕರು ಇವುಗಳನ್ನು ಬರಿಗೈಯಲ್ಲಿ ಮುಟ್ಟಲೇಬೇಡಿ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನಲ್ಲಿ ಹಾಕುವ ಎಸ್-19 ಲಸಿಕೆಯಲ್ಲಿ ಇರುವುದು ಜೀವಂತ ರೋಗಾಣು. ಅದರ ಸೂಜಿ ನಿಮಗೇ ಚುಚ್ಚಿಕೊಂಡರೆ ಅದೇ ದಿನ ವೈದ್ಯರ ಬಳಿ ಹೋಗಿ, ಏನು ಚುಚ್ಚಿಕೊಂಡಿತೆಂದು ಹೆಸರು ಹಿಡಿದು ಹೇಳಿ.

ಮೂರನೆಯದು ನಮ್ಮ ಶಿವಮೊಗ್ಗ ಜಿಲ್ಲೆಯದೇ. ಮಂಗನ ಕಾಯಿಲೆಯನ್ನು 1957ರಲ್ಲಿ ಗುರುತಿಸಿದ್ದು ಸೊರಬದ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಉಣ್ಣೆ, ಅದರಲ್ಲೂ ಕಣ್ಣಿಗೆ ಬೀಳದಷ್ಟು ಸಣ್ಣ ಮರಿ ಉಣ್ಣೆ. ಡಿಸೆಂಬರಿನಿಂದ ಮೇವರೆಗೆ ಕಾಟ ಜಾಸ್ತಿ. ಕಾಡಿಗೆ ಮೇಯಲು ಹೋದ ದನ ಉಣ್ಣೆಯನ್ನು ಕೊಟ್ಟಿಗೆಗೆ ತರುತ್ತದೆ, ದರಗಿನ (ಒಣ ಎಲೆಯ) ಹೊರೆಯಲ್ಲೂ ಅದು ಬರುತ್ತದೆ. ತುಂಬುತೋಳು, ಪ್ಯಾಂಟಿನ ಮೇಲೆ ಎಳೆದ ಕಾಲುಚೀಲ, ತೆರೆದ ಚರ್ಮಕ್ಕೆ ಉಣ್ಣೆಯನ್ನು ದೂರವಿಡುವ ಡೆಪಾ ತೈಲ, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆ ಬೇರೆ ಬಕೆಟಿಗೆ. ಸತ್ತ ಮಂಗ ಕಂಡರೆ ಫೋಟೋ ತೆಗೆಯಲೂ ಹತ್ತಿರ ಹೋಗಬೇಡಿ. ಹೆಣ ತಣ್ಣಗಾದಂತೆ ಉಣ್ಣೆಗಳು ಇಳಿದು ಸುತ್ತ ಹರಡಿಕೊಳ್ಳುತ್ತವೆ. ಆರೋಗ್ಯ, ಅರಣ್ಯ ಮತ್ತು ಪಶುಪಾಲನಾ ಇಲಾಖೆಗಳಿಗೆ ತಿಳಿಸಿ. ಮರಣೋತ್ತರ ಪರೀಕ್ಷೆ ಪೂರ್ಣ ರಕ್ಷಣಾ ಉಡುಪು ತೊಟ್ಟ, ತರಬೇತಾದ ತಂಡದ ಕೆಲಸ.

ಹಂತ 2: ಪರೀಕ್ಷೆಯ ಕ್ರಮ ಎಂದೂ ಬದಲಾಗಬಾರದು

ಮೊದಲು ಮೂರು ನಿಮಿಷ ದೂರದಲ್ಲೇ ನಿಂತು ನೋಡಿ: ನಿಲುವು, ಉಸಿರಾಟ, ಮೆಲುಕು, ಸಗಣಿ. ಆಮೇಲೆ ಮುಟ್ಟಿ. ಹಸುವಿನ ಸಹಜ ಅಂಕಿಗಳು ಬಾಯಿಪಾಠವಾಗಿರಲಿ: ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ನಾಡಿ ನಿಮಿಷಕ್ಕೆ 60–80, ಉಸಿರು 15–30, ದೊಡ್ಡ ಹೊಟ್ಟೆಯ ಅಲುಗಾಟ ಎರಡು ನಿಮಿಷಕ್ಕೆ 2–3. ಥರ್ಮಾಮೀಟರ್ ಗುದನಾಳದ ಗೋಡೆಗೆ ತಾಗಿರಬೇಕು. ಸಗಣಿಯೊಳಗೆ ಚುಚ್ಚಿಟ್ಟರೆ ಜ್ವರವಿರುವ ದನಕ್ಕೂ ಜ್ವರವಿಲ್ಲವೆಂದೇ ತೋರಿಸುತ್ತದೆ.

ಮಾಲೀಕರು "ಇದು ಕಾಲುಬಾಯಿ ಜ್ವರವೇ" ಎಂದರೂ ಕ್ರಮ ಬಿಡಬೇಡಿ. ಕಾಲು ನೋಡಿ ಬಾಯಿ ನೋಡಿ ಮುಗಿಸಿದವರ ಕಣ್ಣು ತಪ್ಪಿಸುವುದು ಕೆಚ್ಚಲು ಬಾವು. ಕಲಿಸುವವರಿಗೆ ಒಂದು ಸಲಹೆ: ಮೊದಲ ತಿಂಗಳು ಇಂಟರ್ನ್‌ಗೆ ರೋಗದ ಹೆಸರು ಹೇಳಲು ಬಿಡಲೇಬೇಡಿ. ಅಂಕಿಗಳನ್ನೂ ಕಂಡದ್ದನ್ನೂ ಮಾತ್ರ ಹೇಳಿಸಿ.

ಹಂತ 3: ತೂಕ ಅಳೆಯಿರಿ, ಆಮೇಲೆ ಸಿರಿಂಜ್ ಹಿಡಿಯಿರಿ

ಮಲೆನಾಡಿನಲ್ಲಿ ಕೆಲಸ ಕಲಿಯುವವರು ಅತಿ ಹೆಚ್ಚು ಎಡವುವುದು ಇಲ್ಲಿ. ಪಠ್ಯಪುಸ್ತಕದ ಹಸು 400–500 ಕೆ.ಜಿ.ಯದ್ದು. ಎದುರಿಗೆ ನಿಂತಿರುವ ಮಲೆನಾಡು ಗಿಡ್ಡ, ಅಂದರೆ ಇಲ್ಲಿನ ಕುಳ್ಳ ನಾಟಿ ತಳಿ, ಅದರ ಮೂರನೇ ಒಂದು ಭಾಗವೂ ಇರಲಿಕ್ಕಿಲ್ಲ. ಒಂದೇ ಕೊಟ್ಟಿಗೆಯಲ್ಲಿ ಜರ್ಸಿ ಮಿಶ್ರತಳಿಯೂ ಗಿಡ್ಡವೂ ಅಕ್ಕಪಕ್ಕ ನಿಂತಿರುತ್ತವೆ, ಎರಡಕ್ಕೂ "ದೊಡ್ಡ ದನ" ಎಂದು ಒಂದೇ ಪ್ರಮಾಣ ಹೋಗುತ್ತದೆ.

ಅಳೆಯುವುದು ಹೀಗೆ. ಮುಂಗಾಲಿನ ಮೊಣಕೈ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ, ಸೆಂಟಿಮೀಟರಿನಲ್ಲಿ. ಭುಜದ ಮುಂತುದಿಯಿಂದ ಬಾಲದ ಪಕ್ಕದ ಚೂಪು ಮೂಳೆಯವರೆಗೆ ಉದ್ದ ತೆಗೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿ. ಬಂದದ್ದು ಕೆ.ಜಿ. ಸುತ್ತಳತೆ 120, ಉದ್ದ 100 ಇರುವ ಗಿಡ್ಡಕ್ಕೆ ಸುಮಾರು 133 ಕೆ.ಜಿ. ಸುತ್ತಳತೆ 170, ಉದ್ದ 145 ಇರುವ ಮಿಶ್ರತಳಿಗೆ ಸುಮಾರು 387. ಇದು ಅಂದಾಜೇ, ತುಂಬು ಗಬ್ಬದಲ್ಲಿ ತುಸು ತಪ್ಪೂ ಆಗುತ್ತದೆ. ಕಣ್ಣಳತೆಗಿಂತ ಎಷ್ಟೋ ವಾಸಿ.

ಈಗ ಔಷಧಿಗೆ ಬನ್ನಿ. ಕೆಂಪು ಮೂತ್ರಕ್ಕೆ, ಅಂದರೆ ಉಣ್ಣೆಯಿಂದ ಬರುವ ಬೆಬೀಸಿಯೋಸಿಸ್‌ಗೆ, ಕೊಡುವ ಡೈಮಿನಜೀನ್ ಕೆ.ಜಿ.ಗೆ 3.5 ಮಿ.ಗ್ರಾಂ., ಸ್ನಾಯುವಿನ ಆಳಕ್ಕೆ. ಮೇಲಿನ ಗಿಡ್ಡಕ್ಕೆ ಸುಮಾರು 465 ಮಿ.ಗ್ರಾಂ., ಮಿಶ್ರತಳಿಗೆ 1,350ರ ಆಸುಪಾಸು. ಒಂದರದ್ದು ಇನ್ನೊಂದಕ್ಕೆ ಹೋದರೆ ಮೂರು ಪಟ್ಟು ಹೆಚ್ಚಾಯಿತು. ಮಂಪರು ಬರಿಸುವ ಜೈಲಜೀನ್ ಇನ್ನೂ ಅಪಾಯದ್ದು. ದನಕ್ಕೆ ಬೇಕಾಗುವುದು ಕುದುರೆಗೆ ಕೊಡುವುದರ ಹತ್ತನೇ ಒಂದು ಭಾಗ. ಸ್ನಾಯುವಿಗೆ ಕೆ.ಜಿ.ಗೆ 0.1 ಮಿ.ಗ್ರಾಂ. ಲೆಕ್ಕ ಹಿಡಿದರೆ, ಮಿ.ಲೀ.ಗೆ 20 ಮಿ.ಗ್ರಾಂ. ಇರುವ ಬಾಟಲಿಯಿಂದ ಗಿಡ್ಡಕ್ಕೆ 0.7 ಮಿ.ಲೀ.ಗಿಂತಲೂ ಕಡಿಮೆ. ಮಿ.ಲೀ.ಗೆ 100 ಮಿ.ಗ್ರಾಂ. ಇರುವ ಬಾಟಲಿಯೂ ಸಿಗುತ್ತದೆ, ಆದ್ದರಿಂದ ಪ್ರತಿ ಸಲವೂ ಲೇಬಲ್ ಓದಿ. ತುಂಬು ಗಬ್ಬದ ಹಸುವಿಗೆ ಇದು ಬೇಡ.

ಕಲಿಸುವ ರೀತಿ: ಔಷಧಿ ಸಿರಿಂಜಿಗೆ ಎಳೆಯುವ ಮೊದಲು ಇಂಟರ್ನ್ ತೂಕ, ಕೆ.ಜಿ.ಗೆ ಮಿ.ಗ್ರಾಂ., ಬಾಟಲಿಯ ಸಾಂದ್ರತೆ, ಕೊನೆಗೆ ಮಿ.ಲೀ., ಈ ನಾಲ್ಕನ್ನೂ ಜೋರಾಗಿ ಹೇಳಬೇಕು. ಪಕ್ಕದವರು ತಲೆಯಾಡಿಸಿದ ಮೇಲೆ ಸೂಜಿ. ಮೊದಮೊದಲು ನಾಚಿಕೆಯಾಗುತ್ತದೆ. ಆಗಲಿ.

ನೋವು ನಿವಾರಕದ ಬಗ್ಗೆಯೂ ಒಂದು ಮಾತು. ಪಶುಗಳಿಗೆ ಡೈಕ್ಲೋಫೆನಾಕ್ ಬಳಕೆ 2006ರಲ್ಲೇ ನಿಷೇಧವಾಗಿದೆ, 2023ರಲ್ಲಿ ಕೀಟೋಪ್ರೊಫೇನ್, ಅಸಿಕ್ಲೋಫೆನಾಕ್ ಕೂಡ. ರಣಹದ್ದುಗಳು ಸಾಯುತ್ತವೆ ಎಂಬುದೇ ಕಾರಣ. ಮೆಲಾಕ್ಸಿಕಾಮ್ ಕೆ.ಜಿ.ಗೆ 0.5 ಮಿ.ಗ್ರಾಂ. ಬಳಸಿ.

ಹಂತ 4: ಕೈಕೆಲಸವನ್ನು ಮೊದಲು ಮಾದರಿಯ ಮೇಲೆ ಕಲಿಯಿರಿ

ಯಾವ ಕೈಕೆಲಸವನ್ನೇ ಆಗಲಿ ನಾಲ್ಕು ಸುತ್ತಿನಲ್ಲಿ ಕಲಿಸಿ. ಮೊದಲು ಹಿರಿಯರು ಮಾತಿಲ್ಲದೆ, ಎಂದಿನ ವೇಗದಲ್ಲಿ ಮಾಡಿ ತೋರಿಸಬೇಕು. ಎರಡನೇ ಸಲ ಪ್ರತಿ ಹೆಜ್ಜೆಯನ್ನೂ ವಿವರಿಸುತ್ತ ಮಾಡಬೇಕು. ಮೂರನೇ ಸಲ ಇಂಟರ್ನ್ ಹೆಜ್ಜೆ ಹೇಳಬೇಕು, ಹಿರಿಯರು ಅವರು ಹೇಳಿದಷ್ಟನ್ನೇ ಮಾಡಬೇಕು. ನಾಲ್ಕನೇ ಸಲ ಇಂಟರ್ನ್ ಹೇಳುತ್ತ ತಾವೇ ಮಾಡಬೇಕು. ಬಿಟ್ಟುಹೋಗುವುದು ಯಾವಾಗಲೂ ಮೂರನೆಯದು. ತಲೆಯಲ್ಲಿ ಯಾವ ಹೆಜ್ಜೆ ಇಲ್ಲ ಎನ್ನುವುದು ಬಯಲಾಗುವುದೂ ಅದರಲ್ಲೇ.

ಕರು ಅಡ್ಡ ಸಿಕ್ಕಿದಾಗ ತೆಗೆಯುವುದನ್ನು ಕಲಿಯಲು ಒಂದು ಹಲಗೆ ಪೆಟ್ಟಿಗೆ ಸಾಕು. ಒಂದು ಬದಿಯಲ್ಲಿ 20 ಸೆ.ಮೀ. ಎತ್ತರ, 16 ಸೆ.ಮೀ. ಅಗಲದ ಮೊಟ್ಟೆಯಾಕಾರದ ಕಿಂಡಿ ಕೊರೆದು ಅಂಚಿಗೆ ಟ್ಯೂಬಿನ ರಬ್ಬರ್ ಹೊಡೆಯಿರಿ, ಒಳಗೆ ರೆಕ್ಸಿನ್ ಚೀಲ ಕಟ್ಟಿ. ಗೋಣಿಚೀಲದಲ್ಲಿ ಕರು ಹೊಲಿಸಿ, ಕಾಲಿಗೆ ಬಿದಿರಿನ ತುಂಡು, ಗಂಟುಗಳಿಗೆ ಬಾಗಿಲ ಕೀಲು. ಸತ್ತು ಹುಟ್ಟಿದ ಕರುವನ್ನೇ ಬಳಸೋಣ ಎಂಬ ಯೋಚನೆ ಬರುತ್ತದೆ, ಕಂದು ರೋಗದ ಭಯಕ್ಕೆ ಅದನ್ನು ಬಿಡಿ.

ಕೀಲುಗಳನ್ನು ಸರಿಯಾದ ದಿಕ್ಕಿಗೆ ಕೂರಿಸಿ, ಕಲಿಯಬೇಕಾದ್ದು ಅದನ್ನೇ. ಮುಂಗಾಲಿನಲ್ಲಿ ಗೊರಸಿನ ಮೇಲಿನ ಎರಡು ಗಂಟುಗಳೂ ಒಂದೇ ಕಡೆಗೆ ಮಡಚುತ್ತವೆ. ಹಿಂಗಾಲಿನಲ್ಲಿ ಒಂದು ಈ ಕಡೆ, ಇನ್ನೊಂದು ಆ ಕಡೆ. ಕಣ್ಣುಮುಚ್ಚಿ ಕೈಯಾಡಿಸಿ ಮುಂಗಾಲೋ ಹಿಂಗಾಲೋ ಹೇಳಬೇಕು. ಆಮೇಲೆ ಹಗ್ಗ: ಮೊದಲ ಗಂಟಿನ ಮೇಲ್ಗಡೆ ಒಂದು ಕುಣಿಕೆ, ಕೆಳಗಡೆ ಇನ್ನೊಂದು ಅರ್ಧ ಸುತ್ತು. ಒಂದೇ ಕುಣಿಕೆಯಲ್ಲಿ ಎಳೆದರೆ ಎಳೆಯ ಮೂಳೆ ಮುರಿಯುತ್ತದೆ.

ನಿಜವಾದ ಹಸುವಿನಲ್ಲಿ ಧಾರಾಳವಾಗಿ ಜಾರುಕ ಹಾಕಿ. ಹಸು ಮುಕ್ಕುವಾಗ (ತಿಣುಕುವಾಗ) ಒಳಗೆ ತಳ್ಳಬೇಡಿ, ಮುಕ್ಕುವುದು ನಿಂತಾಗ ತಳ್ಳಿ ಸರಿಪಡಿಸಿ. ಎಳೆಯುವುದು ಮುಕ್ಕುವಾಗಲೇ, ಒಂದು ಕಾಲು ಬಿಟ್ಟು ಒಂದು ಕಾಲು, ಇಬ್ಬರು ಮೂವರಿಗಿಂತ ಹೆಚ್ಚು ಜನರ ಬಲ ಬೇಡ. ಊರಿನವರು ಉತ್ಸಾಹದಲ್ಲಿ ಹಗ್ಗಕ್ಕೆ ಕೈ ಹಚ್ಚುತ್ತಾರೆ, ಅವರನ್ನು ನಿಲ್ಲಿಸುವ ಗಟ್ಟಿತನವೂ ಕಲಿಕೆಯ ಭಾಗ. 20–30 ನಿಮಿಷದಲ್ಲಿ ಏನೂ ಮುಂದುವರಿಯದಿದ್ದರೆ ಅದೇ ದಾರಿಯಲ್ಲಿ ಬಲ ಹೆಚ್ಚಿಸುವುದನ್ನು ಬಿಟ್ಟು ಸಿಸೇರಿಯನ್ ಯೋಚಿಸಿ.

ಬಾಲದ ಬುಡದ ಎಪಿಡ್ಯೂರಲ್ ಅರಿವಳಿಕೆಗೆ 2% ಲಿಗ್ನೊಕೇನ್ ಪ್ರತಿ 100 ಕೆ.ಜಿ.ಗೆ ಸುಮಾರು 1 ಮಿ.ಲೀ. ಗಿಡ್ಡಕ್ಕೆ ಅಭ್ಯಾಸಬಲದಿಂದ 5 ಮಿ.ಲೀ. ಹೋದರೆ ಹಿಂಗಾಲು ಸೋತು ಅಲ್ಲೇ ಕುಸಿಯುತ್ತದೆ.

ಹಾಲು ಜ್ವರದಲ್ಲಿ (ಕರು ಹಾಕಿದ ಹಸುವಿನ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಾಗ) ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಡುವುದು ನೋಡಲು ಸುಲಭ, ಕೊಲ್ಲುವುದೂ ಅದೇ. 450 ಮಿ.ಲೀ. ಬಾಟಲಿ ಸುಮಾರು 400 ಕೆ.ಜಿ. ಹಸುವಿನ ಲೆಕ್ಕದ್ದು. ಬಾಟಲಿಯನ್ನು ಮೈಬಿಸಿಗೆ ಬೆಚ್ಚಗೆ ಮಾಡಿ. ಸೂಜಿ ನಾಳದೊಳಗೇ ಇದೆಯೆಂದು ರಕ್ತ ಹರಿಸಿ ಖಚಿತ ಮಾಡಿಕೊಳ್ಳಿ. 15 ನಿಮಿಷಕ್ಕೆ ಕಡಿಮೆಯಿಲ್ಲದಂತೆ ನಿಧಾನ ಬಿಡಿ, ಅಷ್ಟೂ ಹೊತ್ತು ಎದೆಯ ಮೇಲೆ ಸ್ಟೆತಾಸ್ಕೋಪ್ ಇರಲಿ. ಬಡಿತ ತಾಳ ತಪ್ಪಿದರೆ ಬಾಟಲಿಯನ್ನು ತಕ್ಷಣ ಕೆಳಗಿಳಿಸಿ, ಸರಿಯಾಗುವವರೆಗೆ ಕಾಯಿರಿ, ಮತ್ತೆ ಶುರು ಮಾಡಿದರೆ ಇನ್ನೂ ನಿಧಾನ. ಇಂಟರ್ನ್‌ಗೆ ಮೊದಲು ಬಾಟಲಿ ಕೊಡಬೇಡಿ, ಸ್ಟೆತಾಸ್ಕೋಪ್ ಕೊಡಿ. ಬದಲಾವಣೆಯನ್ನು ಕಿವಿ ಹಿಡಿಯಲು ಶುರುವಾದ ಮೇಲೆ ಬಾಟಲಿ.

ಗುದನಾಳದ ಮೂಲಕ ಗಬ್ಬ ಪರೀಕ್ಷೆ ಮಾಡುವಾಗ ಒಂದು ಹಸುವಿಗೆ ಇಬ್ಬರಿಗಿಂತ ಹೆಚ್ಚು ಇಂಟರ್ನ್‌ಗಳು ಬೇಡ. ಕೈಗವಸಿನಲ್ಲಿ ರಕ್ತ ಕಂಡರೆ ಅಂದಿಗೆ ನಿಲ್ಲಿಸಿ. ಹೊಸಬರು 60 ದಿನಕ್ಕೆ ಮೊದಲು ತೀರ್ಪು ಹೇಳಲು ಹೋಗಬೇಡಿ. ಖಾಲಿ ಎಂದು ಖಾತ್ರಿಯಾಗದ ಹಸುವಿಗೆ ಬೆದೆ ಬರಿಸಲು ಪ್ರೋಸ್ಟಾಗ್ಲಾಂಡಿನ್ ಕೊಟ್ಟರೆ ಇದ್ದ ಗಬ್ಬವೂ ಹೋಗುತ್ತದೆ, ಮನೆಯವರ ನಂಬಿಕೆಯೂ.

ಹಂತ 5: ಸ್ಲೈಡು ನೀವೇ ಮಾಡಿ, ನೀವೇ ನೋಡಿ

ಉಣ್ಣೆ ಇರುವ ಊರಿನಲ್ಲಿ ಜ್ವರದ ದನಕ್ಕೆ ರಕ್ತಲೇಪ ನೋಡದೆ ಚಿಕಿತ್ಸೆ ಕೊಡುವುದು ಕುರುಡು ಬಾಣ. ಕಿವಿಯ ತುದಿಯ ಸಣ್ಣ ಹನಿ ಸಾಕು. ಇನ್ನೊಂದು ಸ್ಲೈಡನ್ನು 30–45 ಡಿಗ್ರಿ ಓರೆ ಹಿಡಿದು ಒಂದೇ ಎಳೆತದಲ್ಲಿ ಹರಡಿ. ಹನಿ ದೊಡ್ಡದಾದರೆ ಲೇಪ ದಪ್ಪವಾಗಿ ಏನೂ ಕಾಣದು. ಮಳೆಗಾಲದಲ್ಲಿ ಲೇಪ ಬೇಗ ಒಣಗದೆ ಕಣಗಳು ಸುಕ್ಕಾಗುತ್ತವೆ, ಅದಕ್ಕೆ ಎಳೆದ ಕೂಡಲೇ ಜೋರಾಗಿ ಬೀಸಿ ಒಣಗಿಸಿ. ಮೆಥನಾಲಿನಲ್ಲಿ 3 ನಿಮಿಷ ಇಟ್ಟು ತೆಗೆಯಿರಿ. ಇದನ್ನು ಆಸ್ಪತ್ರೆಗೆ ಹೋದ ಮೇಲೆ ಮಾಡೋಣವೆಂದು ಬಿಟ್ಟರೆ ನೊಣ, ಇರುವೆ ಲೇಪವನ್ನೇ ತಿಂದಿರುತ್ತವೆ. ಜೀಮ್ಸಾ ಬಣ್ಣ ಒಂದು ಪಾಲಿಗೆ ಒಂಬತ್ತು ಪಾಲು ಬಫರ್ ನೀರು, 30 ನಿಮಿಷ.

ಉಣ್ಣೆಯಿಂದಲೇ ಬರುವ ಇನ್ನೊಂದು ರೋಗಾಣು ಥೈಲೇರಿಯಾದ ಸಂಶಯವಿದ್ದರೆ ಭುಜದ ಮುಂದಿನ ಊದಿದ ದುಗ್ಧಗ್ರಂಥಿಯಿಂದಲೂ ಸೂಜಿಯಲ್ಲಿ ಎಳೆದು ಲೇಪ ಮಾಡಿ. ಇದಕ್ಕೆ ಬುಪಾರ್ವಾಕ್ವೋನ್ ಕೆ.ಜಿ.ಗೆ 2.5 ಮಿ.ಗ್ರಾಂ., ಸ್ನಾಯುವಿಗೆ. ದುಬಾರಿ ಔಷಧಿ, ಸ್ಲೈಡು ನೋಡಿಯೇ ಬರೆಯುವುದಕ್ಕೆ ಅದೂ ಒಂದು ಕಾರಣ.

ದಿಢೀರ್ ಸತ್ತ ದನ, ಮೂಗು ಅಥವಾ ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ, ಹೆಣ ಸೆಟೆಯದಿರುವುದು: ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಎಂದೇ ತಿಳಿಯಿರಿ. ಹೆಣ ಕೊಯ್ಯಬೇಡಿ. ಗಾಳಿ ತಾಗಿದರೆ ರೋಗಾಣು ಬೀಜಕಣವಾಗಿ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಕಿವಿಯ ನಾಳದ ಲೇಪ ಮಾತ್ರ ತೆಗೆದು, ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿ, ಮೇಲಧಿಕಾರಿಗೆ ತಿಳಿಸಿ. ಚರ್ಮ ಸುಲಿಯಲು ಬಂದವರನ್ನು ತಡೆಯಿರಿ. ಕನಿಷ್ಠ 6 ಅಡಿ ಗುಂಡಿ, ಸುಣ್ಣ, ನೀರಿನ ಸೆಲೆಯಿಂದ ದೂರ. ಅಡಿಕೆ ತೋಟದ ಕಾದಿಗೆ (ನೀರು ಹರಿದುಹೋಗುವ ಕಾಲುವೆ) ಪಕ್ಕದಲ್ಲಿ ಹೂಳಲು ಒಪ್ಪಬೇಡಿ.

ಹಂತ 6: ಮಾತಾಡುವುದೂ ಅಭ್ಯಾಸದಿಂದಲೇ

ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ 2012ರಲ್ಲಿ ಕೊಟ್ಟ, ಪದವಿ ಪಡೆದ ಮೊದಲ ದಿನವೇ ಪಶುವೈದ್ಯರಿಗೆ ಇರಬೇಕಾದ ಸಾಮರ್ಥ್ಯಗಳ ಪಟ್ಟಿಯಲ್ಲಿ ಸಂವಹನವೂ ಒಂದು. ನಮ್ಮಲ್ಲಿ ಅದು "ಬರುಬರುತ್ತ ಬರುತ್ತೆ" ಎಂಬ ಖಾತೆಗೆ ಹೋಗಿದೆ. ಅನುಭವವೊಂದರಿಂದಲೇ ಬರುವುದು ಹೆಚ್ಚಾಗಿ ಗದರುವ ಅಭ್ಯಾಸ.

ಕೊಟ್ಟಿಗೆಯಲ್ಲಿ ಮೊದಲ ಪ್ರಶ್ನೆ "ಏನಾಗಿದೆ?" ಇರಲಿ. ಉತ್ತರ ಮುಗಿಯುವವರೆಗೆ ಬಾಯಿ ಹಾಕಬೇಡಿ, ಒಂದು ನಿಮಿಷವೂ ಹಿಡಿಯದು. ಎರಡನೆಯದು "ಇಲ್ಲಿವರೆಗೆ ಏನೇನು ಕೊಟ್ಟಿದ್ದೀರಿ?" ಇದನ್ನು ಆಕ್ಷೇಪದ ದನಿಯಲ್ಲಿ ಕೇಳಿದರೆ ಕೊಟ್ಟ ನಾಟಿ ಔಷಧಿಯನ್ನೂ ಮೆಡಿಕಲ್ ಶಾಪಿನಿಂದ ತಂದು ಹಾಕಿದ ಇಂಜೆಕ್ಷನ್ನನ್ನೂ ಮುಚ್ಚಿಡುತ್ತಾರೆ. ಮೂರನೆಯದು "ಹಾಲು ಕರೆಯುವವರು ಯಾರು?" ಹೆಚ್ಚಿನ ಮನೆಗಳಲ್ಲಿ ವೈದ್ಯರ ಜೊತೆ ಮಾತಾಡುವುದು ಗಂಡಸರು, ದನ ನೋಡಿಕೊಳ್ಳುವುದು ಹೆಂಗಸರು. ಸೂಚನೆಯನ್ನು ಆಕೆಗೇ ಹೇಳಿ, ಅವರ ಬಾಯಿಂದಲೇ ಒಂದು ಸಲ ತಿರುಗಿ ಹೇಳಿಸಿ: ಯಾವ ಔಷಧಿ, ಎಷ್ಟು ಹೊತ್ತಿಗೆ, ಎಷ್ಟು ದಿನ ಹಾಲನ್ನು ಡೈರಿಗೆ ಹಾಕಬಾರದು. ಆ ದಿನಗಳ ಲೆಕ್ಕ ಔಷಧಿಯ ಲೇಬಲಿನಲ್ಲಿರುತ್ತದೆ. ಬಾಯಿಮಾತಿನಲ್ಲಿ "ಎರಡು ದಿನ ಬಿಡಿ" ಎನ್ನಬೇಡಿ.

ದನ ಬದುಕುವುದು ಕಷ್ಟ ಎನ್ನುವಾಗ ಸುತ್ತಿಬಳಸಬೇಡಿ. ಖರ್ಚೆಷ್ಟು, ಉಳಿಯುವ ಸಾಧ್ಯತೆ ಎಷ್ಟು, ಚಿಕಿತ್ಸೆ ಕೊಡದಿದ್ದರೆ ಏನಾಗುತ್ತದೆ ಎಂಬುದನ್ನು ಸೂಜಿ ಹಾಕುವ ಮೊದಲೇ ಹೇಳಿ.

ಅಭ್ಯಾಸಕ್ಕೆ ಮೂವರು ಸಾಕು. ಒಬ್ಬರು ವೈದ್ಯರು, ಒಬ್ಬರು ಮಾಲೀಕರು, ಒಬ್ಬರು ನೋಡುವವರು. ಐದು ನಿಮಿಷ ಮಾತು, ಎರಡು ನಿಮಿಷ ವಿಮರ್ಶೆ. ಮಾಲೀಕರ ಪಾತ್ರದವರು ಒಂದು ಮುಖ್ಯ ಸಂಗತಿಯನ್ನು ಕೇಳಿದರೆ ಮಾತ್ರ ಹೇಳಬೇಕು, ಉದಾಹರಣೆಗೆ ನಿನ್ನೆ ಬೇರೊಬ್ಬರು ಇಂಜೆಕ್ಷನ್ ಕೊಟ್ಟಿದ್ದಾರೆ ಎನ್ನುವುದು.

ಹಂತ 7: ಲಾಗ್‌ಬುಕ್ ಪ್ರಾಮಾಣಿಕವಾಗಿರಲಿ

"ಗಬ್ಬ ಪರೀಕ್ಷೆ: 40" ಎಂದು ಬರೆದ ಲಾಗ್‌ಬುಕ್ಕಿನಿಂದ ಯಾರಿಗೂ ಏನೂ ತಿಳಿಯದು. ಪ್ರತಿ ಕೆಲಸದ ಎದುರು ನಾಲ್ಕರಲ್ಲಿ ಒಂದು ಅಂಕಿ ಹಾಕಿ: 1 ನೋಡಿದೆ, 2 ಸಹಾಯ ಮಾಡಿದೆ, 3 ಪಕ್ಕದಲ್ಲಿ ಹಿರಿಯರಿದ್ದು ನಾನೇ ಮಾಡಿದೆ, 4 ಹಿರಿಯರು ಕರೆದರೆ ಬರುವಷ್ಟು ದೂರದಲ್ಲಿದ್ದು ನಾನೇ ಮಾಡಿದೆ. ಗಬ್ಬ ಪರೀಕ್ಷೆಯಲ್ಲಿ ನಿಮ್ಮ ತೀರ್ಪನ್ನು ಮೊದಲು ಬರೆದು, ಆಮೇಲೆ ಹಿರಿಯರದ್ದನ್ನು ಪಕ್ಕದಲ್ಲಿ ಬರೆಯಿರಿ. ಹೊಂದಾಣಿಕೆ ಎಷ್ಟು ಎಂದು ತಿಂಗಳ ಕೊನೆಗೆ ಗೊತ್ತಾಗುತ್ತದೆ.

ಹಿರಿಯರು ಅದೇ ದಿನ ಒಂದೇ ಒಂದು ತಿದ್ದುಪಡಿ ಹೇಳಿದರೆ ಸಾಕು, ಮಾಲೀಕರ ಎದುರಿಗೆ ಬೇಡ, ಜೀಪಿನಲ್ಲಿ ಹೇಳಿ. ಮೂರು ತಿಂಗಳಿಗೊಮ್ಮೆ ಸಣ್ಣ ಪರೀಕ್ಷೆ ಇಡಿ: ಆರು ಮೇಜು, ಒಂದೊಂದಕ್ಕೆ ಏಳು ನಿಮಿಷ. ಡೋಸ್ ಲೆಕ್ಕ, ರಕ್ತಲೇಪ, ಗೋಣಿ ಕರುವಿನ ಕಾಲು ಗುರುತಿಸುವುದು, ಜಾರುಗಂಟು, ಕೆಚ್ಚಲು ಬಾವಿನ ಪರೀಕ್ಷೆ, ಮಾಲೀಕರೊಡನೆ ಮಾತು. ಪ್ರತಿ ಮೇಜಿನಲ್ಲೂ ಅಂಕ ಕೊಡುವ ಪಟ್ಟಿ ಮೊದಲೇ ಸಿದ್ಧವಿರಲಿ, ಇಂಟರ್ನ್‌ಗಳಿಗೂ ಅದು ಮೊದಲೇ ಸಿಗಲಿ.

ಹಂತ 8: ನಿಮ್ಮಿಂದಾಗದ್ದನ್ನು ಮುಂದಕ್ಕೆ ಕಳಿಸುವುದು

ಹೊಸನಗರದ ಒಳಗಿನ ಒಂಟಿಮನೆಯಿಂದ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಆಸ್ಪತ್ರೆಗೆ ದನ ಸಾಗಿಸುವುದು ಮಲೆನಾಡಿನ ತಿರುವುಗಳಲ್ಲಿ ಗಂಟೆಗಟ್ಟಲೆಯ ಕೆಲಸ. ಆದ್ದರಿಂದ ಕಳಿಸುವ ತೀರ್ಮಾನ ಬೇಗ ಆಗಬೇಕು. ಎದ್ದು ನಿಲ್ಲಲಾರದ ಹಸುವನ್ನು ಮೊದಲು ಎದೆಯ ಮೇಲೆ ಕೂರಿಸಿ, ಎರಡೂ ಬದಿ ಹುಲ್ಲಿನ ಕಟ್ಟು ಒತ್ತರಿಸಿ. ಪಕ್ಕಕ್ಕೆ ಚಾಚಿ ಮಲಗಿಸಿ ಒಯ್ದರೆ ದಾರಿಯಲ್ಲೇ ಹೊಟ್ಟೆ ಉಬ್ಬುತ್ತದೆ. ವಾಹನದ ತಳಕ್ಕೆ ಅರ್ಧ ಅಡಿ ದರಗು ಅಥವಾ ಹುಲ್ಲು ಹರಡಿ, ಸಾಕಷ್ಟು ಗಾಳಿಯಾಡಲಿ. ಹೊರಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ, ದಾರಿಯಲ್ಲಿ ಸಿಗ್ನಲ್ ಇರುತ್ತದೆಂದು ನಂಬಿಕೊಳ್ಳಬೇಡಿ. ಅಂದಾಜು ತೂಕ, ಮೈಬಿಸಿ, ನಾಡಿ, ಕೊಟ್ಟ ಔಷಧಿ, ಪ್ರಮಾಣ, ಕೊಟ್ಟ ಗಂಟೆ, ನಿಮ್ಮ ಸಂಶಯ ಏನು ಎಂಬುದನ್ನು ಪೆನ್ಸಿಲಿನಲ್ಲಿ ಬರೆದು ಕವರಿಗೆ ಹಾಕಿ ಮಾಲೀಕರ ಜೇಬಿಗೆ ಕೊಡಿ, ಅದರದ್ದೊಂದು ಫೋಟೋ ನಿಮ್ಮ ಮೊಬೈಲಿನಲ್ಲಿರಲಿ. ಮರುದಿನ ಆಸ್ಪತ್ರೆಯವರಿಗೆ ಫೋನ್ ಮಾಡಿ ಅಲ್ಲಿ ಏನು ಕಂಡಿತೆಂದು ಕೇಳಿ, ಲಾಗ್‌ಬುಕ್ಕಿನಲ್ಲಿ ನಿಮ್ಮ ಸಂಶಯದ ಪಕ್ಕಕ್ಕೆ ಬರೆಯಿರಿ.